ಫಾರ್ಮ್ಯಾಟ್ ಮಾಡೋ ಮುಂಚೆ ಒಂದ್ನಿಮಿಷ...

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಎಂಟು ಗಂಟೆಗೇ ಮಾಸ್ತರರ ಫೋನು. ಡೊಂಬಿವಲಿಯಲ್ಲಿ ಭಾನುವಾರ ಎಂಟಕ್ಕೆ ಯಾರೂ ಯಾರಿಗೂ ಫೋನ್ ಮಾಡುವುದಿಲ್ಲ. ವಾರವಿಡೀ ಲೋಕಲ್ ಗಾಡಿಯಲ್ಲಿ ಒಂದು ಕಾಲ ಮೇಲೆ ನಿಂತು ಹೋಗಿ ಬರುವ ಜನಕ್ಕೆ ನಿದ್ದೆ ಮಾಡಲಿಕ್ಕೆ ಸಿಗುವುದೇ ಆ ಒಂದು ದಿನ.

"ತಮಾ, ಮಲಗಿದ್ಯನೋ? ನನ್ನ ಕಂಪ್ಯೂಟರಿನ 'ಇ' ಡ್ರೈವ್ ಕಾಣ್ತಾ ಇಲ್ಲ. ನಿನ್ನೆ ರಾತ್ರಿ ಅಂಗಡಿಗೆ ಒಯ್ದಿದ್ದೆ. ಆ ಹುಡುಗ ಫಾರ್ಮ್ಯಾಟ್ ಮಾಡ್ಬೇಕು ಅಂತಾನೆ. ಇವತ್ತು ಹನ್ನೊಂದಕ್ಕೆ ಬನ್ನಿ ಅಂದಿದ್ದಾನೆ. ಮಾಡಿಸ್ಲೋ?"

ಹಾಸಿಗೆಯಲ್ಲೇ ಎದ್ದು ಕೂತೆ. "ಬೇಡ ಮಾಸ್ತರೇ. ಏನೂ ಮಾಡಿಸ್ಬೇಡಿ. ಕಂಪ್ಯೂಟರ್ ಆನ್ ಕೂಡ ಮಾಡ್ಬೇಡಿ. ನಾ ಬರ್ತೇನೆ."

ಈ ಮಾಸ್ತರರ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಅಷ್ಟು ಗಾಬರಿ ಯಾಕಾಯಿತು ಅಂತ ನಿಮಗೆ ತಿಳಿಯುವುದಿಲ್ಲ. ಅಂಕೋಲೆಯ ಕಡೆಯವರು. 1966ರಲ್ಲಿ ಮುಂಬಯಿಗೆ ಬಂದರು. ಹಗಲು ಒಂದು ಆಫೀಸಿನಲ್ಲಿ ಗುಮಾಸ್ತಿಕೆ, ಸಂಜೆ ಏಳರಿಂದ ಫೋರ್ಟಿನ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ. ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ಟೇಬಲ್ ಒರೆಸಿ, ಕಪ್ಪು ಬಸಿ ತೊಳೆದು, ಕೈಗೆ ಸೋಡಾಪುಡಿ ವಾಸನೆ ಮೆತ್ತಿಕೊಂಡೇ ಬಂದು ಬೆಂಚಿನ ಮೇಲೆ ತೂಕಡಿಸುತ್ತಿದ್ದ ಹುಡುಗರಿಗೆ ವ್ಯಾಕರಣ ಕಲಿಸಿದವರು. ಆ ಹುಡುಗರಲ್ಲಿ ಕೆಲವರು ವಕೀಲರಾದರು, ಕೆಲವರು ಅದೇ ಹೋಟೆಲುಗಳ ಮಾಲಕರಾದರು, ಬಹಳ ಜನ ಎಲ್ಲಿ ಹೋದರೋ ಗೊತ್ತಿಲ್ಲ. ಶಾಲೆ ಈಗಿಲ್ಲ. ನಿವೃತ್ತರಾದ ಮೇಲೆ ಮಾಸ್ತರರು ಹಳೇ ಹಾಜರಿ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಒಬ್ಬೊಬ್ಬ ಹುಡುಗನ ಹೆಸರು, ಊರು, ಕೆಲಸಕ್ಕಿದ್ದ ಹೋಟೆಲು, ಅವನ ಬಗ್ಗೆ ನೆನಪಿದ್ದ ನಾಲ್ಕು ಸಾಲು ಎಲ್ಲ ಬರೆಯತೊಡಗಿದರು. ಸುಮಾರು ಇಪ್ಪತ್ತು ವರ್ಷದ ಕೆಲಸ, ನುಡಿಯಲ್ಲಿ ಒಂದೇ ಬೆರಳಿನಿಂದ ಕುಟ್ಟಿದ್ದು. ಹಾಜರಿ ಪುಸ್ತಕಗಳು 2005ರ ಜುಲೈ 26ರ ಮಳೆಯಲ್ಲಿ ನೆನೆದು ಹೋದವು. ಉಳಿದದ್ದು ಇ ಡ್ರೈವಿನಲ್ಲಿ ಇದ್ದದ್ದೇ.

ಅದನ್ನು ಫಾರ್ಮ್ಯಾಟ್ ಮಾಡುತ್ತಾರಂತೆ!

ಆದದ್ದು ಇಷ್ಟು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮಾಸ್ತರರದು 2013ರ ಹಳೇ ಡಬ್ಬ, ವಿಂಡೋಸ್ 11 ಕೇಳುವ ಟಿಪಿಎಂ ಚಿಪ್ಪೂ ಅದರಲ್ಲಿಲ್ಲ, ಅದು ಒಪ್ಪುವ ಪ್ರೊಸೆಸರೂ ಇಲ್ಲ. ಮಗಳ ಮಗ ಇಂಜಿನಿಯರಿಂಗ್ ಎರಡನೇ ವರ್ಷ. "ಅಜ್ಜ, ಲಿನಕ್ಸ್ ಮಿಂಟ್ ಹಾಕೋಣ, ವಿಂಡೋಸೂ ಇರಲಿ, ಎರಡೂ ಇರ್ತದೆ" ಅಂದ. ಒಳ್ಳೇ ಸಲಹೆಯೇ. ನನ್ನನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದೆ.

ಆ ಡಿಸ್ಕಿನಲ್ಲಿ ಆಗಲೇ ನಾಲ್ಕು ಪಾರ್ಟಿಷನ್ ಇದ್ದವು: ವಿಂಡೋಸ್ ತನಗೇ ಇಟ್ಟುಕೊಂಡ ಸಣ್ಣದೊಂದು, ಸಿ, ಡಿ, ಇ. ಹಳೇ ಎಂಬಿಆರ್ ಪದ್ಧತಿಯ ಡಿಸ್ಕಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಆಗುವುದಿಲ್ಲ. ಲಿನಕ್ಸಿಗೆ ಜಾಗ ಬೇಕಾದರೆ ಒಂದನ್ನು ತೆಗೆಯಲೇ ಬೇಕು. ಡಿ ಡ್ರೈವಿನಲ್ಲಿ ಯಾವುದೋ ಕಾಲದ ಸಿನಿಮಾಗಳು ಬಿಟ್ಟರೆ ಏನಿಲ್ಲ. "ಅಜ್ಜ, ಡಿ ತೆಗೀಲಾ?" "ತೆಗಿ." ಹುಡುಗ ಪೆನ್‌ಡ್ರೈವಿನಿಂದ ಲಿನಕ್ಸ್ ಶುರು ಮಾಡಿ, ಜಿಪಾರ್ಟೆಡ್ ತೆರೆದ. ಅಲ್ಲಿ ಡಿ ಇಲ್ಲ, ಇ ಇಲ್ಲ. ಎಸ್‌ಡಿಎ1, ಎಸ್‌ಡಿಎ2, ಎಸ್‌ಡಿಎ3, ಎಸ್‌ಡಿಎ4. ಸಿ ಆದ ಮೇಲೆ ಡಿ, ಡಿ ಆದ ಮೇಲೆ ಇ, ಹಾಗಾಗಿ ಮೂರನೆಯದೇ ಡಿ ಅಂತ ಅವನ ಲೆಕ್ಕ. ನಾವೂ ನೀವೂ ಹಾಗೇ ಲೆಕ್ಕ ಹಾಕುತ್ತಿದ್ದೆವು. ಆದರೆ ವಿಂಡೋಸ್ ಕೊಡುವ ಅಕ್ಷರಕ್ಕೂ ಡಿಸ್ಕಿನಲ್ಲಿ ಪಾರ್ಟಿಷನ್ ಇರುವ ಅನುಕ್ರಮಕ್ಕೂ ಸಂಬಂಧ ಇರಲೇಬೇಕು ಅಂತ ಏನಿಲ್ಲ. ಯಾವತ್ತೋ ಯಾರೋ ಅಕ್ಷರ ಬದಲಿಸಿದ್ದರು. ಎರಡರ ಗಾತ್ರ ಹೆಚ್ಚುಕಮ್ಮಿ ಒಂದೇ. ಎರಡಕ್ಕೂ ಇದ್ದ ಹೆಸರು 'ನ್ಯೂ ವಾಲ್ಯೂಮ್'. ಹುಡುಗ ಮೂರನೆಯದನ್ನು ಅಳಿಸಿ ಸರಿ ಗುರುತು ಒತ್ತಿದ. ಅಷ್ಟರಲ್ಲಿ ಅಜ್ಜಿ ಊಟಕ್ಕೆ ಕರೆದರು. ಊಟ ಮುಗಿಸಿ ಬರುವಷ್ಟರಲ್ಲಿ ಅಜ್ಜನಿಗೆ ಏನೋ ನೋಡಬೇಕಾಗಿ ವಿಂಡೋಸ್ ಶುರು ಮಾಡಿದ್ದಾರೆ. ಡಿ ಅಲ್ಲೇ ಇದೆ, ಇ ಇಲ್ಲ. (ಆವತ್ತು ಅಜ್ಜಿ ಹತ್ತು ನಿಮಿಷ ತಡವಾಗಿ ಕರೆದಿದ್ದರೆ ಈ ಬರಹದ ಧಾಟಿಯೇ ಬೇರೆ ಆಗುತ್ತಿತ್ತು. ಮನೆಯಲ್ಲಿ ಊಟಕ್ಕೆ ಕರೆದರೆ ತಕ್ಷಣ ಏಳಿ ಅಂತ ನನ್ನ ಮಕ್ಕಳಿಗೂ ಹೇಳಿದ್ದೇನೆ.)

ಅಂಗಡಿಯ ಹುಡುಗ ಸ್ಕ್ರೀನ್ ನೋಡಿದ. ಒಂದು ನಿಮಿಷವೂ ಆಗಿಲ್ಲವಂತೆ. "ಪಾರ್ಟಿಷನ್ ಉಡ್ ಗಯಾ ಹೈ ಅಂಕಲ್. ಫಾರ್ಮ್ಯಾಟ್ ಮಾರ್ನಾ ಪಡೇಗಾ."

ಈ 'ಉಡ್ ಗಯಾ' ಅನ್ನುವ ಮಾತಿನ ಮೇಲೇ ನನ್ನ ತಕರಾರು. ಏನೂ ಹಾರಿ ಹೋಗಿಲ್ಲ ಸ್ವಾಮೀ. ನಮ್ಮೂರ ಗದ್ದೆಯ ಪಹಣಿಯಲ್ಲಿ ಒಂದು ಸಾಲು ಅಳಿಸಿದರೆ ಗದ್ದೆ ಎದ್ದು ಹೋಗುತ್ತದೆಯೇ? ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನಲ್ಲಿ 512 ಬೈಟು ಇರುತ್ತದೆ. ಅದರಲ್ಲಿ ಪಾರ್ಟಿಷನ್ ಪಟ್ಟಿಗೆ ಇಟ್ಟದ್ದು ಬರೀ 64. ನಾಲ್ಕು ಪಾರ್ಟಿಷನ್, ಒಂದೊಂದಕ್ಕೆ 16 ಬೈಟು. ಇದು ಎಲ್ಲಿ ಶುರು, ಎಷ್ಟು ಉದ್ದ, ಯಾವ ಜಾತಿಯದು, ಅಷ್ಟೇ ಅದರಲ್ಲಿ ಬರೆದಿರುವುದು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಚಿಹ್ನೆಗೂ 3 ಬೈಟು ಬೇಕು. ಅಂದರೆ ಆ ಇಡೀ ಪಟ್ಟಿಯ ಜಾಗದಲ್ಲಿ ನಿಮ್ಮ ಹೆಸರು, ನಿಮ್ಮಪ್ಪನ ಹೆಸರು ಬರೆದರೆ ಊರಿನ ಹೆಸರಿಗೆ ಜಾಗ ಸಾಲದು. ಹುಡುಗ ಅಳಿಸಿದ್ದು ಆ ಪಟ್ಟಿಯ 16 ಬೈಟು. ಮಾಸ್ತರರ ಇಪ್ಪತ್ತು ವರ್ಷ ಇದ್ದಲ್ಲೇ ಇತ್ತು.

ಹೊಸ ಯಂತ್ರಗಳಲ್ಲಿ ಇರುವ ಜಿಪಿಟಿ ಪದ್ಧತಿ ಇನ್ನೂ ಜಾಣ. ಪಟ್ಟಿಯ ಒಂದು ಪ್ರತಿ ಡಿಸ್ಕಿನ ತಲೆಯಲ್ಲಿ, ಇನ್ನೊಂದು ಪ್ರತಿ ಬಾಲದಲ್ಲಿ. ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರಿನ ನಕಲನ್ನು ಪಾರ್ಟಿಷನ್ನಿನ ಕೊನೆಯ ಸೆಕ್ಟರಿನಲ್ಲಿ ಇಟ್ಟಿರುತ್ತದೆ. ಲಿನಕ್ಸಿನ ಈಎಕ್ಸ್‌ಟಿ4 ತನ್ನ ಸೂಪರ್‌ಬ್ಲಾಕನ್ನು ಹತ್ತಾರು ಕಡೆ ನಕಲು ಮಾಡಿ ಇಡುತ್ತದೆ. ಸಾಮಾನ್ಯವಾಗಿ ಮೊದಲ ನಕಲು 32768ನೇ ಬ್ಲಾಕಿನಲ್ಲಿ. ಇದನ್ನೆಲ್ಲ ಬರೆದವರಿಗೆ ಗೊತ್ತಿತ್ತು, ಒಂದು ದಿನ ಯಾರೋ ಒಬ್ಬ ಏನೋ ಒತ್ತಿಯೇ ಒತ್ತುತ್ತಾನೆ ಅಂತ. ಅವರು ಅಷ್ಟು ಮುಂಜಾಗ್ರತೆ ಮಾಡಿಟ್ಟಿದ್ದನ್ನು ನಾವು 'ಫಾರ್ಮ್ಯಾಟ್ ಮಾರ್ನಾ ಪಡೇಗಾ' ಅಂತ ಒಂದೇ ಏಟಿಗೆ ಅಳಿಸಿ ಹಾಕುತ್ತೇವೆ.

ಅಂಗಡಿಯ ಹುಡುಗನನ್ನು ಬೈಯಲಿಕ್ಕೆ ಹೊರಟೆ ಅಂದುಕೊಳ್ಳಬೇಡಿ. ಅವನ ಕಷ್ಟ ಅವನಿಗೆ. ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿ ಕೊಟ್ಟರೆ ಒಂದು ಗಂಟೆಯ ಕೆಲಸ, ಕೈಗೆ ನಾಲ್ಕೈನೂರು ರೂಪಾಯಿ. ಇದ್ದದ್ದನ್ನು ಉಳಿಸಿ ಕೊಡು ಅಂದರೆ ಇಡೀ ದಿನ ಒಂದು ಮಷೀನು ಹಿಡಿದು ಕೂರಬೇಕು, ಆದರೂ ಆದೀತು ಅನ್ನುವ ಖಾತ್ರಿ ಇಲ್ಲ. ಎರಡು ಸಾವಿರ ಅಂತ ಹೇಳಿದರೆ "ಏನಪ್ಪಾ, ಲೂಟಿ ಹೊಡೀತೀಯಾ" ಅಂತ ನಾವೇ ಜಗಳ ತೆಗೆಯುತ್ತೇವೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಮದರ್‌ಬೋರ್ಡಿಗೆ ಐವತ್ತು ರೂಪಾಯಿ ಕಡಿಮೆ ಮಾಡಿಸಲಿಕ್ಕೆ ಅರ್ಧ ದಿನ ಅಲೆದ ಜನ ನಾವು. ಹುಡುಗ ಗಿರಾಕಿ ನೋಡಿಯೇ ಔಷಧ ಹೇಳುತ್ತಾನೆ.

ನಾನು ಬೈಯಬೇಕೆಂದಿರುವುದು ನನ್ನಂಥವರನ್ನು. ಫೋನಿನಲ್ಲಿ ಪುಕ್ಕಟೆ ಸಲಹೆ ಕೊಡುವವರನ್ನು. "ಒಂದ್ಸಲ ಚೆಕ್‌ಡಿಸ್ಕ್ ಓಡಿಸು, ಸರಿ ಹೋಗ್ತದೆ." ಜ್ವರ ಅಂದ ಕೂಡಲೇ ಕ್ರೋಸಿನ್ ತಗೋ ಅಂದ ಹಾಗೆ. ಚೆಕ್‌ಡಿಸ್ಕ್‌ನ ಕೆಲಸ ಫೈಲ್ ವ್ಯವಸ್ಥೆಯ ಲೆಕ್ಕ ತಾಳೆ ಮಾಡುವುದು. ನಿಮ್ಮ ಮಗಳ ಮದುವೆ ಫೋಟೋ ಉಳಿಸುವುದು ಅದರ ಕೆಲಸದಲ್ಲಿ ಬರುವುದಿಲ್ಲ. ತಾಳೆಯಾಗದ ಜಮಾಖರ್ಚನ್ನು ಕಡೆಗೆ ತೆಗೆದು ಎಸೆದಾದರೂ ಅದು ಲೆಕ್ಕ ಸರಿ ಮಾಡುತ್ತದೆ. ಎಸೆದದ್ದರಲ್ಲಿ ಸ್ವಲ್ಪ ಭಾಗ 'ಫೌಂಡ್.000' ಅನ್ನುವ ಫೋಲ್ಡರಿನಲ್ಲಿ ಹೆಸರಿಲ್ಲದೆ ಬಿದ್ದಿರುತ್ತದೆ. ಲಿನಕ್ಸಿನ ಎಫ್‌ಎಸ್‌ಸಿಕೆ ಕೂಡ ಅಷ್ಟೇ, ಅದರ ಅನಾಥಾಲಯದ ಹೆಸರು 'ಲಾಸ್ಟ್+ಫೌಂಡ್'. ಎರಡೂ ಒಳ್ಳೆಯ ಸಾಧನಗಳೇ. ಆದರೆ ಎರಡೂ ಡಿಸ್ಕಿನ ಮೇಲೆ ಬರೆಯುತ್ತವೆ. ಬರೆದದ್ದನ್ನು ವಾಪಸು ತೆಗೆಯಲಿಕ್ಕೆ ಬರುವುದಿಲ್ಲ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಹೇಳಲಿಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

2007ರ ಸುಮಾರು. ಆಗ ಉಬುಂಟು ಸಿಡಿಗಳನ್ನು ಕೇಳಿದವರ ಮನೆಗೆ ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿದ್ದರು. ಶಿಪ್‌ಇಟ್ ಅಂತ ಆ ಯೋಜನೆಯ ಹೆಸರು, 2011ರಲ್ಲಿ ನಿಂತು ಹೋಯಿತು. ನಾನು ಹತ್ತು ಸಿಡಿ ತರಿಸಿ ನಮ್ಮ ಕನ್ನಡ ಸಂಘದಲ್ಲಿ ಪ್ರಸಾದದ ಹಾಗೆ ಹಂಚಿದ್ದೆ. "ವೈರಸ್ ಇಲ್ಲ, ದುಡ್ಡಿಲ್ಲ, ಸ್ವತಂತ್ರ ತಂತ್ರಾಂಶ" ಅಂತ ಭಾಷಣ ಬೇರೆ. ಬ್ಯಾಕಪ್ ಮಾಡಿ ಅಂತ ಒಂದು ಮಾತು ಹೇಳಿದೆನೇ? ಇಲ್ಲ. ಹೇಳಿದರೆ ಜನ ಹೆದರುತ್ತಾರೆ, ಲಿನಕ್ಸ್ ಹಾಕುವುದಿಲ್ಲ ಅಂತ ನನ್ನ ಜಾಣತನ.

ಗೆಳೆಯನೊಬ್ಬ ಆ ಸಿಡಿ ಹಾಕಿ, ಎರಡೂ ಇರಲಿ ಅನ್ನುವ ಆಯ್ಕೆಯ ಬದಲು ಇಡೀ ಡಿಸ್ಕ್ ಬಳಸು ಅನ್ನುವುದನ್ನು ಒತ್ತಿಬಿಟ್ಟ. ಅವನ ಮಗಳು ಹುಟ್ಟಿದಂದಿನಿಂದ ಎರಡು ವರ್ಷದ ಫೋಟೋಗಳು ಅದರಲ್ಲಿದ್ದವು. ಡಿಜಿಟಲ್ ಕ್ಯಾಮೆರಾ ಹೊಸದಾಗಿ ಬಂದ ಕಾಲ, ಯಾರೂ ಪ್ರಿಂಟ್ ಹಾಕಿಸುತ್ತಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ನಾನು ಶೂರನ ಹಾಗೆ ಹೋದೆ. ಹೋಗಿ ಏನು ಮಾಡಿದೆ? ಲಿನಕ್ಸ್ ತೆಗೆದು, ಪಾರ್ಟಿಷನ್ನುಗಳನ್ನೆಲ್ಲ ಮೊದಲಿದ್ದ ಅಳತೆಗೇ ಮತ್ತೆ ಮಾಡಿ, ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ, ವಿಂಡೋಸ್ ಎಕ್ಸ್‌ಪಿ ಹಾಕಿ, ಆಫೀಸು ಹಾಕಿ, ಬರಹ ಹಾಕಿ, ಡ್ರೈವರುಗಳನ್ನೆಲ್ಲ ಹಾಕಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬಂದೆ. ಕಂಪ್ಯೂಟರ್ ಹೊಸದರ ಹಾಗಾಗಿತ್ತು. "ಫೋಟೋ ಹೋಯ್ತು ಮಾರಾಯ, ಏನ್ ಮಾಡೋದು, ಕಂಪ್ಯೂಟರಾದ್ರೂ ಸರಿಯಾಯ್ತಲ್ಲ" ಅಂದೆ. ಅವನು ಚಹಾ ಮಾಡಿ ಕೊಟ್ಟ.

ಒಂದು ವರ್ಷದ ಮೇಲೆ ಎಲ್ಲೋ ಫೋಟೋರೆಕ್ ಅನ್ನುವ ಉಚಿತ ಸಾಧನದ ಬಗ್ಗೆ ಓದುತ್ತಿದ್ದಾಗ ಅರ್ಥವಾಯಿತು. ಲಿನಕ್ಸ್ ಹಾಕಿದಾಗ ಅವನ ಡಿಸ್ಕಿನ ಮೇಲೆ ಬಿದ್ದದ್ದು ಎರಡು ಮೂರು ಜಿಬಿ. ಉಳಿದ ಕಡೆ ಫೋಟೋಗಳು ಬಹುಪಾಲು ಇದ್ದೇ ಇದ್ದವು. ಅವುಗಳ ಮೇಲೆ ರಾತ್ರಿಯೆಲ್ಲ ಕೂತು ಬರೆದವನು ನಾನು. ಅವನು ಒತ್ತಿದ ಗುಂಡಿಗಿಂತ ನಾನು ಮಾಡಿದ ರಿಪೇರಿಯೇ ಹೆಚ್ಚು ಹಾಳು ಮಾಡಿತು. ಇದನ್ನು ಅವನಿಗೆ ನಾನು ಇವತ್ತಿನವರೆಗೂ ಹೇಳಿಲ್ಲ.

ಹಾಗಾಗಿ ಈಗ ಯಾರೇ ಕೇಳಲಿ, ನಾನು ಹೇಳುವುದು ಒಂದೇ. ರಿಪೇರಿ ಮಾಡಬೇಡಿ. ಮೊದಲು ಯಂತ್ರ ಬಂದ್ ಮಾಡಿ. ಇನ್ನೊಂದು ಡಿಸ್ಕ್ ತನ್ನಿ. ಇಡೀ ಡಿಸ್ಕನ್ನು, ಫೈಲುಗಳನ್ನಲ್ಲ, ತಲೆಯಿಂದ ಬಾಲದವರೆಗೆ ಸೆಕ್ಟರಿಗೆ ಸೆಕ್ಟರು ನಕಲು ಮಾಡಿ. ಆಮೇಲೆ ಆ ನಕಲಿನ ಮೇಲೆ ನಿಮ್ಮ ಪ್ರತಾಪ ಏನಿದೆಯೋ ತೋರಿಸಿ.

ಮಾಸ್ತರರ ಡಬ್ಬವನ್ನು ರಿಕ್ಷಾದಲ್ಲಿ ಹಾಕಿಕೊಂಡು ನಮ್ಮನೆಗೆ ತಂದೆ. ಮೊಮ್ಮಗನೂ ಜೊತೆಗೆ ಬಂದ. ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲವಂತೆ. 500 ಜಿಬಿಯ ಡಿಸ್ಕಿಗೆ 1 ಟಿಬಿಯ ಹೊರಗಿನ ಡಿಸ್ಕ್ ಜೋಡಿಸಿ, ಪೆನ್‌ಡ್ರೈವಿನಿಂದ ಲಿನಕ್ಸ್ ಶುರು ಮಾಡಿ ಡಿಡಿರೆಸ್ಕ್ಯೂ ಓಡಿಸಿದೆವು. ಇದರ ಗುಣ ಏನೆಂದರೆ, ಓದಲಿಕ್ಕೆ ಬರುವ ಭಾಗಗಳನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ. ಹಟ ಮಾಡುವ ಸೆಕ್ಟರುಗಳನ್ನು ಕೊನೆಗೆ ಬಿಟ್ಟು ಮತ್ತೆ ಮತ್ತೆ ಕೇಳುತ್ತದೆ. ಎಲ್ಲಿಯವರೆಗೆ ಬಂತು ಅಂತ ಒಂದು ಫೈಲಿನಲ್ಲಿ ಬರೆದಿಡುತ್ತದೆ, ಹಾಗಾಗಿ ನಡುವೆ ನಿಲ್ಲಿಸಿದರೂ ಅಲ್ಲಿಂದಲೇ ಮುಂದುವರಿಯಬಹುದು. ಯಾವುದು ಮೂಲ, ಯಾವುದು ನಕಲು ಅಂತ ಮಾತ್ರ ಮೂರು ಸಲ ನೋಡಿಕೊಳ್ಳಬೇಕು. ಅದಲು ಬದಲಾದರೆ ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ನಕಲು ಮಾಡಿದಂತಾಗುತ್ತದೆ. ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರುಗಳು ಒಂದು ಸಲ ಶುರು ಮಾಡಿದಾಗ ಇದ್ದ ಹಾಗೆ ಇನ್ನೊಂದು ಸಲ ಇರುತ್ತವೆ ಅಂತ ನಂಬಬೇಡಿ. ಡಿಸ್ಕಿನ ಗಾತ್ರ, ಅದರ ಸೀರಿಯಲ್ ನಂಬರು ನೋಡಿ. ಇನ್ನೊಂದು ಸಣ್ಣ ವಿಷಯ, ಹೊರಗಿನ ಡಿಸ್ಕ್ ಫ್ಯಾಟ್32 ಆಗಿದ್ದರೆ 4 ಜಿಬಿ ದಾಟಿದ ಫೈಲು ಅದರಲ್ಲಿ ಹಿಡಿಸುವುದಿಲ್ಲ. ಮೊದಲೇ ನೋಡಿಕೊಳ್ಳದಿದ್ದರೆ ಶುರು ಮಾಡಿ ಸ್ವಲ್ಪ ಹೊತ್ತಿಗೆ ನಿಂತು ಹೋಗುತ್ತದೆ.

ಹಳೇ ಡಬ್ಬದಲ್ಲಿ ಇದ್ದದ್ದು ಯುಎಸ್‌ಬಿ 2. ಐದು ತಾಸು ಹಿಡಿಯಿತು. ಆ ಐದು ತಾಸಿನಲ್ಲಿ ಮಾಸ್ತರರು ಏಳು ಸಲ ಫೋನ್ ಮಾಡಿದರು.

ಆಮೇಲಿನದು ಹೆಚ್ಚು ಹೇಳುವಂಥದ್ದಿಲ್ಲ. ಟೆಸ್ಟ್‌ಡಿಸ್ಕ್ ಅಂತ ಇನ್ನೊಂದು ಉಚಿತ ಸಾಧನ, ಫೋಟೋರೆಕ್ ಬರೆದ ಕ್ರಿಸ್ತೋಫ್ ಗ್ರೆನಿಯೆ ಅವರದೇ. ಸರ್ವೆಯವನು ಹದ್ದುಬಸ್ತಿಗೆ ಬಂದಾಗ ಪೊದೆಗಳನ್ನು ಸರಿಸಿ ಹಳೇ ಬಾಂದುಕಲ್ಲು ಹುಡುಕುತ್ತಾನಲ್ಲ, ಹಾಗೆ ಇದು ಡಿಸ್ಕಿನಲ್ಲಿ ಪಾರ್ಟಿಷನ್ ಶುರುವಾಗುವ ಗುರುತುಗಳನ್ನು ಹುಡುಕುತ್ತದೆ. ಕೆಲವೇ ನಿಮಿಷದಲ್ಲಿ ಸಿಕ್ಕಿತು. ಒಳಗಿನ ಫೈಲುಗಳ ಪಟ್ಟಿ ತೋರಿಸು ಅಂದರೆ 'ಬ್ಯಾಚ್ 71', 'ಬ್ಯಾಚ್ 72' ಅಂತ ಸಾಲಾಗಿ ಬಂದವು. ಹುಡುಗ ಮೊದಲ ಸಲ ನೀರು ಕುಡಿದ.

ಇಲ್ಲಿ ಒಂದು ಮಾತು. ಟೆಸ್ಟ್‌ಡಿಸ್ಕ್ ಬಿಟ್ಟು ಸೀದಾ ಫೋಟೋರೆಕ್ ಓಡಿಸಿದ್ದರೂ ಫೈಲುಗಳು ಬರುತ್ತಿದ್ದವು. ಆದರೆ ಅದು ಫೋಲ್ಡರು, ಹೆಸರು ಯಾವುದನ್ನೂ ನೋಡುವುದಿಲ್ಲ. ಫೈಲಿನ ತಲೆಯ ಗುರುತು ನೋಡಿ ಎತ್ತುತ್ತದೆ, 'ಎಫ್' ಅಕ್ಷರದ ಮುಂದೆ ಉದ್ದದ ಸಂಖ್ಯೆ ಹಾಕಿ ಇಡುತ್ತದೆ. ಮಾಸ್ತರರ ಸಾವಿರಾರು ಫೈಲು ಹೆಸರಿಲ್ಲದೆ ಬಂದು ಬಿದ್ದಿದ್ದರೆ, ಎಂಬತ್ತು ದಾಟಿದ ಮನುಷ್ಯ ಒಂದೊಂದನ್ನೇ ತೆರೆದು ಇದು ಯಾರದು ಅಂತ ಹಚ್ಚುತ್ತಾ ಕೂರಬೇಕಿತ್ತು. ಪಟ್ಟಿ ಹೋದರೆ ಮೊದಲು ಪಟ್ಟಿ ಹುಡುಕಿ, ಪಟ್ಟಿ ಸಿಗದೇ ಹೋದಾಗ ಮಾತ್ರ ಚೂರು ಆರಿಸಲಿಕ್ಕೆ ಹೋಗಿ. ಈ ಅನುಕ್ರಮ ತಪ್ಪಿಸಿ ಒದ್ದಾಡುವವರನ್ನು ಬಹಳ ನೋಡಿದ್ದೇನೆ.

ಮಜಾ ಇನ್ನೂ ಮುಗಿದಿರಲಿಲ್ಲ. ಫೈಲುಗಳನ್ನು ಹೊರಗೆ ತೆಗೆದು ಹುಡುಗ ಒಂದನ್ನು ತೆರೆದ. ಮುಖ ಬಿಳಿಚಿಕೊಂಡಿತು. "ಅಂಕಲ್, ಕರಪ್ಟ್ ಆಗಿದೆ." ನೋಡಿದರೆ ಪುಟದ ತುಂಬ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀರು ಎಳೆದ ಎ, ನಡುನಡುವೆ ಪೌಂಡಿನ ಚಿಹ್ನೆ. ಇನ್ನೊಂದು ತೆರೆದ, ಅದೂ ಹಾಗೇ. "ಎಲ್ಲಾ ಹೋಗಿದೆ ಅಂಕಲ್."

ನನಗೆ ನಗು ತಡೆಯಲಿಕ್ಕಾಗಲಿಲ್ಲ. ಪಾಪ, ಅವನು ಹುಟ್ಟಿದ್ದು ಯೂನಿಕೋಡ್ ಬಂದ ಮೇಲೆ. ಹಳೇ ನುಡಿ ಫಾಂಟಿನಲ್ಲಿ ಕನ್ನಡ ಇರುತ್ತಿದ್ದದ್ದೇ ಹಾಗೆ. ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ, ಹೊರಗೆ ಕನ್ನಡದ ವೇಷ. ಫಾಂಟ್ ಇದ್ದರೆ 'ಕನ್ನಡ' ಅಂತ ಕಾಣುವುದು, ಇಲ್ಲದಿದ್ದರೆ ಪಿ, ಗೀರಿನ ಎ, ಪೌಂಡು. ಪೆನ್‌ಡ್ರೈವಿನ ಲಿನಕ್ಸಿನಲ್ಲಿ ಆ ಫಾಂಟ್ ಎಲ್ಲಿಂದ ಬರಬೇಕು? ನನ್ನ ಹಳೇ ಸಿಡಿಯಿಂದ ಫಾಂಟ್ ತೆಗೆದು ಹಾಕಿದೆ. ತೆರೆದಿದ್ದ ಪುಟ ಕಣ್ಣೆದುರೇ ಕನ್ನಡವಾಯಿತು. ಕುಂದಾಪುರದ ಕಡೆಯ ಯಾವನೋ ಹುಡುಗ, 1974ರಲ್ಲಿ ಏಳನೇ ಇಯತ್ತೆ, ಗಣಿತದಲ್ಲಿ ಮುಂದು, ಟೈಫಾಯಿಡ್ ಆಗಿ ಊರಿಗೆ ಹೋದವನು ತಿರುಗಿ ಬರಲಿಲ್ಲ. ಹುಡುಗ ಅದನ್ನು ಎರಡು ಸಲ ಓದಿದ. ಅಜ್ಜ ಬರೆದದ್ದನ್ನು ಅವನು ಅಲ್ಲಿಯವರೆಗೆ ಓದೇ ಇರಲಿಲ್ಲವಂತೆ.

ಡಿಸ್ಕ್ ಪೂರ್ತಿ ಸರಿಯಿದ್ದಾಗಲೂ 'ಎಲ್ಲಾ ಹೋಯಿತು' ಅಂತ ಅನಿಸಬಹುದು ಅನ್ನುವುದಕ್ಕೆ ಇದು ನಮ್ಮ ಕನ್ನಡದವರಿಗೇ ವಿಶೇಷವಾದ ಉದಾಹರಣೆ. ಕನ್ನಡ ಓದಲಿಕ್ಕೆ ಬಾರದ ರಿಪೇರಿಯವನ ಕೈಗೆ ಸಿಕ್ಕಿದ್ದರೆ ಅವನು ಇದನ್ನು ಕಸ ಅಂತ ಎಸೆಯುತ್ತಿದ್ದ, ಅವನ ತಪ್ಪೂ ಅಲ್ಲ. ಹಳೇ ನುಡಿ, ಹಳೇ ಬರಹ ಕಡತಗಳು ಮನೆಯಲ್ಲಿದ್ದವರು ಅವುಗಳನ್ನು ಯೂನಿಕೋಡಿಗೆ ಬದಲಿಸಿಕೊಳ್ಳಿ, ಪರಿವರ್ತಕಗಳು ಇವೆ. ಜೊತೆಗೆ ಆ ಫಾಂಟುಗಳನ್ನೂ ಒಂದು ಕಡೆ ಇಟ್ಟುಕೊಳ್ಳಿ.

ಎರಡು ವ್ಯವಸ್ಥೆ ಒಂದೇ ಡಿಸ್ಕಿನಲ್ಲಿ ಇಡುವುದೇ ತಪ್ಪು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ನನ್ನ ಯಂತ್ರದಲ್ಲಿ ಇವತ್ತಿಗೂ ಎರಡೂ ಇವೆ. ಆದರೆ ಅವೆರಡಕ್ಕೆ ಒಂದರ ಭಾಷೆ ಇನ್ನೊಂದಕ್ಕೆ ಅರ್ಧಂಬರ್ಧ ಬರುತ್ತದೆ ಅನ್ನುವುದು ನೆನಪಿರಬೇಕು. ವಿಂಡೋಸಿಗೆ ಈಎಕ್ಸ್‌ಟಿ4 ತಿಳಿಯುವುದಿಲ್ಲ. ಆ ಪಾರ್ಟಿಷನ್ನಿಗೆ ಹೇಗೋ ಒಂದು ಅಕ್ಷರ ಸಿಕ್ಕಿಬಿಟ್ಟರೆ, ಇದನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಅಂತ ಬಹಳ ಮರ್ಯಾದೆಯಿಂದ ಕೇಳುತ್ತದೆ. ಹಾಳಾದ ಪಾರ್ಟಿಷನ್ನಿಗೂ ಅದೇ ಪ್ರಶ್ನೆ, ತನಗೆ ಗೊತ್ತಿಲ್ಲದ ಪಾರ್ಟಿಷನ್ನಿಗೂ ಅದೇ ಪ್ರಶ್ನೆ. ಆ ಪೆಟ್ಟಿಗೆಯಲ್ಲಿ ರದ್ದು ಅನ್ನುವ ಗುಂಡಿಯನ್ನು ಬಿಟ್ಟು ಬೇರೆ ಏನನ್ನೂ ಒತ್ತಬೇಡಿ. ಇನ್ನೊಂದು, 2012ರಲ್ಲಿ ವಿಂಡೋಸ್ 8ರ ಜೊತೆ ಬಂದ 'ಫಾಸ್ಟ್ ಸ್ಟಾರ್ಟಪ್'. ಬಂದ್ ಮಾಡಿದೆವು ಅಂತ ನಾವು ಅಂದುಕೊಂಡಾಗ ವಿಂಡೋಸ್ ಅರ್ಧ ಮಾತ್ರ ಮಲಗಿರುತ್ತದೆ, ಡಿಸ್ಕಿನ ಲೆಕ್ಕ ತೆರೆದೇ ಇರುತ್ತದೆ. ಆಗ ಲಿನಕ್ಸಿನಿಂದ ಬಲವಂತವಾಗಿ ಆ ಪಾರ್ಟಿಷನ್ನಿನಲ್ಲಿ ಬರೆದರೆ, ವಿಂಡೋಸ್ ಎದ್ದ ಮೇಲೆ ಎರಡು ಲೆಕ್ಕಕ್ಕೆ ಜಗಳ. ಲಿನಕ್ಸ್ ಅದಕ್ಕೇ ಓದಲಿಕ್ಕೆ ಮಾತ್ರ ಕೊಡುತ್ತೇನೆ ಅನ್ನುತ್ತದೆ. ನಾವು ಅಲ್ಲಿ ಇಲ್ಲಿ ಹುಡುಕಿ ಎನ್‌ಟಿಎಫ್‌ಎಸ್‌ಫಿಕ್ಸ್ ಅನ್ನುವ ಆಜ್ಞೆ ಹೊಡೆದು ಬಾಯಿ ಮುಚ್ಚಿಸುತ್ತೇವೆ. ಹೆಸರಿನಲ್ಲಿ ಫಿಕ್ಸ್ ಇದ್ದರೂ ಅದು ಚೆಕ್‌ಡಿಸ್ಕ್‌ನ ಬದಲಿ ಅಲ್ಲ. ಫಾಸ್ಟ್ ಸ್ಟಾರ್ಟಪ್ಪನ್ನೇ ಆರಿಸಿ ಇಡುವುದು ಒಳ್ಳೆಯದು. ಉಳಿಯುವ ನಾಲ್ಕಾರು ಸೆಕೆಂಡಿನಲ್ಲಿ ನಾವೇನು ಕೋಟೆ ಕಟ್ಟುತ್ತೇವೆ? :-)

"ನೀವು ಹೇಳೋದೆಲ್ಲ ಹಳೇ ಕಾಲದ್ದು" ಅಂತ ಮೊಮ್ಮಗನ ವಾರಿಗೆಯವರು ಅನ್ನಬಹುದು. ಕಾಲ ಬದಲಾಗಿದೆ, ಒಪ್ಪಿದೆ. ಆದರೆ ಕ್ಷಮೆ ಕಡಿಮೆಯಾಗುವ ಕಡೆಗೆ ಬದಲಾಗಿದೆ. ಎಕ್ಸ್‌ಪಿ ಕಾಲದಲ್ಲಿ ಪೂರ್ತಿ ಫಾರ್ಮ್ಯಾಟ್ ಅಂದರೂ ಕೆಟ್ಟ ಸೆಕ್ಟರು ಹುಡುಕುವುದಷ್ಟೇ. ವಿಸ್ಟಾದಿಂದ ಈಚೆಗೆ ಪೂರ್ತಿ ಫಾರ್ಮ್ಯಾಟ್ ಡಿಸ್ಕಿನ ತುಂಬ ಸೊನ್ನೆ ಬರೆಯುತ್ತದೆ. ಎಸ್‌ಎಸ್‌ಡಿಗಳಲ್ಲಿ ಇನ್ನೂ ಕಷ್ಟ. ಫಾರ್ಮ್ಯಾಟ್ ಮಾಡಿದೊಡನೆ, ಬೇಗ ಮುಗಿಯುವ ಫಾರ್ಮ್ಯಾಟ್ ಆಗಿದ್ದರೂ, ಈ ಜಾಗ ಇನ್ನು ಬೇಡ ಅಂತ ವ್ಯವಸ್ಥೆ ಡಿಸ್ಕಿಗೆ ಹೇಳುತ್ತದೆ. ಅದಕ್ಕೆ ಟ್ರಿಮ್ ಅಂತಾರೆ. ಡಿಸ್ಕ್ ಒಳಗೊಳಗೇ ಅದನ್ನು ಖಾಲಿ ಮಾಡಿಕೊಳ್ಳುತ್ತದೆ. ಆಮೇಲೆ ಫೋಟೋರೆಕ್ ಹಿಡಿದು ಹೋದರೆ ಸಿಗುವುದು ಬಹುಪಾಲು ಸೊನ್ನೆ. ಇದರ ಮೇಲೆ ಹೊಸ ಲ್ಯಾಪ್‌ಟಾಪುಗಳಲ್ಲಿ ನಿಮ್ಮನ್ನು ಕೇಳದೆಯೇ ಬಿಟ್‌ಲಾಕರ್ ಬೀಗ ಬಿದ್ದಿರಬಹುದು. ಬೂಟ್ ಕ್ರಮ ಬದಲಾಯಿತು ಅನ್ನುವ ಗುಮಾನಿ ಬಂದರೆ 48 ಅಂಕಿಯ ಕೀಲಿ ಕೇಳುತ್ತದೆ. ಡಿಸ್ಕಿನ ಮೇಲೆ ಕೈ ಇಡುವ ಮೊದಲು ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಆ ಬೀಗ ಮುರಿಯುವ ಟೆಸ್ಟ್‌ಡಿಸ್ಕ್ ಇಲ್ಲ.

ಕ್ಲೌಡ್ ಇದೆಯಲ್ಲ ಅಂದರೆ, ಇರಲಿ, ಸಂತೋಷ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಸಿ ಹೋಗುವ ಹಾಗೆ ಜೋಡಿಸಿಕೊಂಡವರು ಎಷ್ಟೋ ಜನ. ಮಾಸ್ತರರಂಥವರಿಗೆ ಅದರ ಪಾಸ್‌ವರ್ಡೂ ನೆನಪಿರುವುದಿಲ್ಲ.

ಮಾಸ್ತರರ ಡಿಸ್ಕಿಗೆ ಪಟ್ಟಿ ಮತ್ತೆ ಬರೆದು, ಎರಡು ಪಾರ್ಟಿಷನ್ನುಗಳಿಗೂ ಸರಿಯಾದ ಹೆಸರು ಕೊಟ್ಟೆವು. ಒಂದಕ್ಕೆ 'ಶಾಲೆ', ಇನ್ನೊಂದಕ್ಕೆ 'ಸಿನಿಮಾ'. ಲಿನಕ್ಸಿನಲ್ಲೂ ಅದೇ ಹೆಸರು ಕಾಣುತ್ತದೆ, ಇನ್ನು ಮೂರು ನಾಲ್ಕರ ಗೊಂದಲ ಇಲ್ಲ. ಆಮೇಲೆ ಹುಡುಗ ಸಿನಿಮಾ ತೆಗೆದು ಅಲ್ಲಿ ಮಿಂಟ್ ಹಾಕಿದ. ಹೊರಗಿನ ಡಿಸ್ಕ್ ಮಾಸ್ತರರ ಕಪಾಟಿನಲ್ಲಿ ದೇವರ ಪಟದ ಹಿಂದಿದೆ. ದುಡ್ಡು ಕೊಡಲಿಕ್ಕೆ ಬಂದರು, ಬೇಡ ಅಂದೆ. ಹಾಗಾದರೆ ಊಟಕ್ಕೆ ಬಾ ಅಂದರು, ಹೋಗಿ ಬಂದೆ, ಬಂಗಡೆ ಸಾರು ಚೆನ್ನಾಗಿತ್ತು.

ಅಲ್ಲಿಂದ ಬರುವಾಗ ಸ್ಟೇಷನ್ ಹತ್ತಿರ 2007ರ ಆ ಗೆಳೆಯ ಸಿಕ್ಕಿದ. ಮಗಳು ಈಗ ಪುಣೆಯಲ್ಲಿ ಕೆಲಸಕ್ಕಿದ್ದಾಳೆ. ಅದು ಇದು ಮಾತಾಡಿ, "ಆ ನಿನ್ನ ಹಳೇ ಕಂಪ್ಯೂಟರಿತ್ತಲ್ಲ, ಅದರ ಹಾರ್ಡ್ ಡಿಸ್ಕ್ ಏನಾದ್ರೂ ಇಟ್ಟಿದ್ಯಾ?" ಅಂತ ಕೇಳಿದೆ. ಅದರ ಮೇಲೆ ಮೂರು ಸಲ ಬರೆದಾಗಿತ್ತು, ಆದರೂ ಎಲ್ಲೋ ಒಂದು ಮೂಲೆಯಲ್ಲಿ ಹತ್ತು ಫೋಟೋ ಉಳಿದಿದ್ದರೆ ಅಂತ ಒಂದು ಆಸೆ.

"ಅಯ್ಯೋ, ಅದನ್ನ ಯಾವಾಗ್ಲೋ ಭಂಗಾರ್‌ವಾಲಾಗೆ ಹಾಕ್ದೆ ಮಾರಾಯ. ಇಡೀ ಡಬ್ಬಕ್ಕೆ ಇನ್ನೂರು ಕೊಟ್ಟ. ಯಾಕೆ ಕೇಳಿದೆ?"

"ಸುಮ್ನೆ" ಅಂದೆ. ಅಷ್ಟರಲ್ಲಿ ಅವನ ಗಾಡಿ ಬಂತು.